ಅಂಗೈಯಲ್ಲಿಯ ಮುದ್ರಣಾಲಯ

ಹಿಂದೆ ಒಂದು ಸುದ್ದಿಯು ಅಚ್ಚಾಗಿ ಜನರ ಕೈ ಸೇರಬೇಕಾದರೆ ಹಲವರ ಕಣ್ಣುಗಳನ್ನು ದಾಟಿ ಬರಬೇಕಾಗಿದ್ದಿತು. ವರದಿಗಾರನು ಬರೆದುದನ್ನು ಸಂಪಾದಕನು ಪರಿಶೀಲಿಸುತ್ತಿದ್ದನು. ಮೊಳೆ ಜೋಡಿಸಿದ ಬಳಿಕ ಕರಡು ತಿದ್ದುವವನು ಮತ್ತೊಮ್ಮೆ ನೋಡುತ್ತಿದ್ದನು. ತಪ್ಪಾದರೆ ಉತ್ತರ ಹೇಳುವವರ ಹೆಸರು ಪತ್ರಿಕೆಯ ಕೊನೆಯಲ್ಲಿ ಇರುತ್ತಿದ್ದಿತು. ಇಂದು ಅಂತರ್ಜಾಲದ ದೆಸೆಯಿಂದ ಪ್ರತಿಯೊಬ್ಬರ ಅಂಗೈಯಲ್ಲಿಯೂ ಒಂದೊಂದು ಮುದ್ರಣಾಲಯವಿದೆ. ಆದರೆ ಆ ತಿದ್ದುವ ಕಣ್ಣು ಎಲ್ಲಿದೆ? ವಿದ್ಯಾರ್ಥಿಗಳೂ ಅಧ್ಯಾಪಕರೂ ಪಾಲಕರೂ ಆದ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಅಂತರ್ಜಾಲವು ಮಾಡಿರುವ ಉಪಕಾರ ಅಲ್ಪವಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಈ ಸೌಲಭ್ಯವನ್ನು ನಮ್ಮ ದೇಶದ ಸಾರ್ವಜನಿಕರಿಗೆ ಒದಗಿಸಿತು. 2003ರಲ್ಲಿ ಕನ್ನಡ ವಿಕಿಪೀಡಿಯವು ಆರಂಭವಾಯಿತು. ತೆಲುಗು, ಉರ್ದುಗಳ ನಡುವೆ ಈ ಹೈದರಾಬಾದಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ, ಊರಿಗೆ ಹೋದವರು ಪುಸ್ತಕ ತರುವ ತನಕ ಕಾಯಬೇಕಾದ ಕಷ್ಟ ಈಗ ಬಹುಮಟ್ಟಿಗೆ ತಪ್ಪಿದೆ. 2020ರಲ್ಲಿ ಕೊರೊನಾ ರೋಗದಿಂದ ಶಾಲೆಗಳು ಮುಚ್ಚಿದಾಗ ಪಾಠವನ್ನು ಮನೆಗೆ ಮುಟ್ಟಿಸಿದುದೂ ಇದೇ ಸಾಧನ. ಒಂದೇ ಫೋನು, ಮೂವರು ಮಕ್ಕಳು ಇದ್ದ ಮನೆಗಳಲ್ಲಿ ಅದು ಎಷ್ಟರಮಟ್ಟಿಗೆ ಮುಟ್ಟಿತೆಂಬುದು ಬೇರೆ ಮಾತು.

ಹೀಗೆ ವಿದ್ಯೆಯನ್ನು ಹೊತ್ತು ತಂದ ದಾರಿಯಲ್ಲಿಯೇ ವದಂತಿಯೂ ಬಂದಿತು. 1956ರವರೆಗೆ ಬೀದರವೂ ನಮ್ಮ ನಗರವೂ ಒಂದೇ ರಾಜ್ಯದಲ್ಲಿದ್ದವು. ಇಂದಿಗೂ ಎರಡರ ನಡುವೆ ನಂಟು ಬಿಟ್ಟುಹೋಗಿಲ್ಲ. 2018ರ ಜುಲೈ 13ರಂದು ಹೈದರಾಬಾದಿನಿಂದ ಕಾರಿನಲ್ಲಿ ಬೀದರ ಜಿಲ್ಲೆಗೆ ಹೋಗಿದ್ದ ಕೆಲವರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಇವರು ಮಕ್ಕಳ ಕಳ್ಳರೆಂಬ ಗುಮಾನಿ ಹುಟ್ಟಿತು. ಕಾರು ಮುಂದೆ ಓಡಿತು. ಕಾರಿಗಿಂತ ಮುಂಚೆ ವಾಟ್ಸ್‌ಆಪಿನ ಸಂದೇಶವು ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಗಟ್ಟಿದ ಜನರು ಅವರನ್ನು ಥಳಿಸಿದರು. ಬಿಡಿಸಲು ಬಂದ ಪೊಲೀಸರೂ ಗಾಯಗೊಂಡರು. ನಮ್ಮ ನಗರದ ಒಬ್ಬ ತರುಣ ಇಂಜಿನಿಯರನು ಪ್ರಾಣ ಕಳೆದುಕೊಂಡನು.

ಆ ವರ್ಷ ದೇಶದಲ್ಲೆಲ್ಲ ಇಂತಹ ಭೀತಿಯನ್ನು ಹಬ್ಬಿಸಿದ ಒಂದು ಚಿತ್ರದ ಕಥೆಯನ್ನೂ ನಾವು ತಿಳಿದಿರಬೇಕು. ಮೋಟಾರುಸೈಕಲ್ಲಿನ ಮೇಲೆ ಬಂದವನು ಮಗುವೊಂದನ್ನು ಎತ್ತಿಕೊಂಡು ಹೋಗುವ ಆ ಚಿತ್ರವು ನಮ್ಮ ದೇಶದ್ದೇ ಅಲ್ಲ. ಮಕ್ಕಳ ಬಗ್ಗೆ ಜನರನ್ನು ಎಚ್ಚರಿಸಲು ಕರಾಚಿಯಲ್ಲಿ ಮಾಡಿದ ಅಭಿನಯವದು. ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ಒಪ್ಪಿಸುವ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಈ ಕಾಲಕ್ಕೆಂದೇ ಹುಟ್ಟಿದಂತಿದೆ.

ಇದಕ್ಕೆ ಕಾನೂನೇ ಮದ್ದೆನ್ನುವವರುಂಟು. ಆದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ನಿರುಪದ್ರವಿ ಮಾತನಾಡಿದವರನ್ನೂ ಸೆರೆಗೆ ನೂಕಬಹುದಾದಷ್ಟು ಅಸ್ಪಷ್ಟವಾಗಿದ್ದಿತು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಪ್ರಜಾಪ್ರಭುತ್ವದಲ್ಲಿ ನಾಲಗೆಗೆ ಬೀಗ ಹಾಕುವ ಅಧಿಕಾರವನ್ನು ಸರಕಾರಕ್ಕೆ ಒಪ್ಪಿಸುವುದು ಕ್ಷೇಮವಲ್ಲ. 2018ರ ಜುಲೈಯಲ್ಲಿ ವಾಟ್ಸ್‌ಆಪ್ ಸಂಸ್ಥೆಯು ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂದು ಮಿತಿ ಹಾಕಿತು. ಅದರಿಂದ ಸುಳ್ಳಿನ ವೇಗವು ಕುಗ್ಗಬಹುದು. ಸುಳ್ಳು ಯಾವುದು, ನಿಜ ಯಾವುದು ಎಂಬ ವಿವೇಕವು ಬರಲಾರದು. ಮಕ್ಕಳ ಕೈಯಿಂದ ಫೋನನ್ನು ಕಿತ್ತುಕೊಳ್ಳಬೇಕೆನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಮುರ್ಕಿಯಲ್ಲಿ ಕಲ್ಲೆತ್ತಿದವರು ಮಕ್ಕಳಲ್ಲ.

ಆದುದರಿಂದ ತಿದ್ದುವ ಕಣ್ಣನ್ನು ಬೆಳೆಸುವ ಕೆಲಸ ಶಾಲೆಯದೇ. ನಮ್ಮಂತಹ ಶಾಲೆಗೆ ಅದು ಹೆಚ್ಚು ಸಾಧ್ಯವೂ ಹೌದು. ಇಲ್ಲಿಯ ಮಕ್ಕಳು ಕನ್ನಡ, ತೆಲುಗು, ಹಿಂದಿ, ಇಂಗ್ಲಿಷುಗಳನ್ನು ಓದಬಲ್ಲರು. ಒಂದೇ ಸುದ್ದಿಯನ್ನು ನಾಲ್ಕು ಭಾಷೆಗಳ ಪತ್ರಿಕೆಗಳಲ್ಲಿ ಒರೆಗೆ ಹಚ್ಚಿ ನೋಡಬಲ್ಲರು. ತಾಯ್ನುಡಿಯಲ್ಲಿ ಬಂದ ಮಾತನ್ನು ನಾವು ಬೇಗ ನಂಬುತ್ತೇವೆ. ಹಾಗೆಂದೇ ಕನ್ನಡದಲ್ಲಿ ಬಂದುದನ್ನು ಇನ್ನಷ್ಟು ಎಚ್ಚರದಿಂದ ಓದಬೇಕು. ಮನೆಯಲ್ಲಿ ಅಜ್ಜಿ ಅಜ್ಜಂದಿರು ಫೋನಿಗೆ ಬಂದುದನ್ನು ಓದಿ ಹೇಳೆಂದು ಕರೆಯುವುದು ಮೊಮ್ಮಕ್ಕಳನ್ನೇ. ಆಗ ಮಗುವು ಮೂರು ಪ್ರಶ್ನೆಗಳನ್ನು ಕೇಳಲಿ: ಇದನ್ನು ಹೇಳಿದವರು ಯಾರು? ಇದು ನಡೆದುದು ಎಲ್ಲಿ, ಎಂದು? ಬೇರೆ ಕಡೆಯೂ ಇದು ಬಂದಿದೆಯೆ? ಉತ್ತರ ದೊರೆಯದಿದ್ದರೆ, "ಅಜ್ಜಿ, ಇದನ್ನು ಯಾರಿಗೂ ಕಳಿಸುವುದು ಬೇಡ" ಎಂದು ವಿನಯದಿಂದ ಹೇಳಲಿ.

ವ್ಯಾಕರಣಕ್ಕೂ ಗಣಿತಕ್ಕೂ ವೇಳೆ ಮೀಸಲಿಟ್ಟಿರುವ ನಾವು, ವಾರಕ್ಕೊಂದು ಗಂಟೆಯನ್ನು ಈ ಅಭ್ಯಾಸಕ್ಕೂ ಮೀಸಲಿಡಬೇಕೆಂಬುದು ನಮ್ಮ ಸೂಚನೆ. ಹೊಸ ಪುಸ್ತಕ, ಹೊಸ ಕಟ್ಟಡ ಯಾವುದೂ ಇದಕ್ಕೆ ಬೇಕಿಲ್ಲ. ಆ ವಾರ ಮಕ್ಕಳ ಮನೆಗಳಿಗೆ ಬಂದ ಒಂದು ಸಂದೇಶ, ಅದನ್ನು ಪರೀಕ್ಷಿಸುವ ತಾಳ್ಮೆ, ಇವೆರಡು ಇದ್ದರೆ ಸಾಕು. ಬರುವ ವರ್ಷದಿಂದಲೇ ಇದು ಆರಂಭವಾಗಲೆಂದು ಹಾರೈಸುತ್ತೇವೆ.