ಒಂದೆಲಗವೂ ಮರೆಗುಳಿ ರೋಗವೂ

ಪೂಜೆಗೆ ಕುಳಿತ ಹಿರಿಯರು ವಿಭೂತಿಗಟ್ಟಿಯನ್ನು ಎಲ್ಲಿಟ್ಟೆನೆಂದು ಹುಡುಕಿದರೆ ಅದು ವಯಸ್ಸಿನ ಮರೆವು. ಅದೇ ಗಟ್ಟಿಯನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳಿದರೆ ಅದು ರೋಗದ ಸೂಚನೆ. ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಈ ಮರೆಗುಳಿ ರೋಗವು ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿಯನ್ನು, ಎಂದರೆ ಸುಮಾರು 88 ಲಕ್ಷ ಹಿರಿಯರನ್ನು ಬಾಧಿಸುತ್ತಿದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಇಂತಹ ಹಿರಿಯರಿರುವ ಮನೆಗೆ ಬಂದುಹೋಗುವವರೆಲ್ಲ ಹೇಳುವ ಮಾತು ಒಂದೇ: "ಒಂದೆಲಗ ಕೊಡಿ, ಸರಿಹೋಗುತ್ತದೆ." ಈ ಮಾತಿನ ಹಿಂದಿನ ಕಾಳಜಿ ದೊಡ್ಡದು. ಆದರೆ ಇದರಿಂದ ಒದಗಬಹುದಾದ ಹಾನಿಯೂ ಸಣ್ಣದಲ್ಲ.

ಗಿಡಮೂಲಿಕೆಗಳನ್ನು ಹಗುರವಾಗಿ ಕಾಣಬೇಕಾದ ಕಾರಣವಿಲ್ಲ. ಬುದ್ಧಿಗೆ ಹಿತವಾದ ನಾಲ್ಕು ಮೇಧ್ಯ ರಸಾಯನಗಳನ್ನು ಹೇಳುವಾಗ ಚರಕಸಂಹಿತೆಯು ಮಂಡೂಕಪರ್ಣಿ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿಗಳನ್ನು ಹೆಸರಿಸಿದೆ. ಆ ಮಂಡೂಕಪರ್ಣಿಯೇ ಕನ್ನಡಿಗರ ಒಂದೆಲಗ. ಅದನ್ನು ಅನೇಕರು ಬ್ರಾಹ್ಮಿಯೆಂದೂ ಕರೆಯುವುದುಂಟು. ನೀರುಬ್ರಾಹ್ಮಿಯಾದರೋ ಬೇರೆಯೇ ಸಸ್ಯ. ಒಂದೇ ಹೆಸರಿನಲ್ಲಿ ಎರಡು ಗಿಡಗಳು ಮಾರಾಟವಾಗುವಲ್ಲಿ, ಕೊಂಡವರ ಕೈಗೆ ಬಂದದ್ದು ಯಾವುದೆಂಬುದೇ ಮೊದಲ ಪ್ರಶ್ನೆ. ನೀರುಬ್ರಾಹ್ಮಿಯಿಂದ ಆರೋಗ್ಯವಂತರ ನೆನಪು ತುಸು ಸುಧಾರಿಸಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಆರೋಗ್ಯವಂತರ ನೆನಪು ಚುರುಕಾಗುವುದೇ ಬೇರೆ, ರೋಗದಿಂದ ನಶಿಸುತ್ತಿರುವ ಮೆದುಳು ಚೇತರಿಸಿಕೊಳ್ಳುವುದೇ ಬೇರೆ.

ಸಸ್ಯವೊಂದು ನಿಜವಾಗಿಯೂ ಈ ರೋಗದ ಔಷಧಿಯಾದ ಉದಾಹರಣೆಯಿದೆ. ಯೂರೋಪಿನಲ್ಲಿ ಹಿಮದ ನಡುವೆ ಅರಳುವ ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗಿಡದಲ್ಲಿ ಗ್ಯಾಲಂಟಮಿನ್ ಎಂಬ ಅಂಶವಿದೆ. 1950ರ ದಶಕದಲ್ಲಿ ಬಲ್ಗೇರಿಯಾದ ವಿಜ್ಞಾನಿಗಳು ಅದನ್ನು ಔಷಧಿಯಾಗಿ ರೂಪಿಸಿದರು. ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಮೆದುಳಿನಲ್ಲಿ ಬೇಗ ಕರಗಿಹೋಗದಂತೆ ಅದು ತಡೆಯುತ್ತದೆ. ರೋಗಿಗಳ ಮೇಲೆ ವ್ಯವಸ್ಥಿತ ಪರೀಕ್ಷೆಗಳು ನಡೆದ ಬಳಿಕ 2001ರಲ್ಲಿ ಅಮೆರಿಕದಲ್ಲಿ ಆಲ್ಜೈಮರ್ ರೋಗಕ್ಕೆ ಅದರ ಬಳಕೆಗೆ ಅನುಮತಿ ದೊರೆಯಿತು. ಇಷ್ಟಾಗಿಯೂ ಅದು ರೋಗವನ್ನು ವಾಸಿಮಾಡುವುದಿಲ್ಲ. ಲಕ್ಷಣಗಳನ್ನು ಕೆಲಕಾಲ ತಗ್ಗಿಸುತ್ತದೆ, ಅಷ್ಟೆ.

ಗಿಂಕ್ಗೊ ಎಂಬ ಮರದ ಎಲೆಯ ಕಥೆ ಇದಕ್ಕೆ ವ್ಯತಿರಿಕ್ತವಾದುದು. ನೆನಪಿನ ಸಂಜೀವಿನಿಯೆಂದು ಜಗತ್ತಿನಾದ್ಯಂತ ಮಾರಾಟವಾಗುತ್ತಿದ್ದ ಅದರ ಸಾರವನ್ನು ಅಮೆರಿಕದಲ್ಲಿ 75 ವರ್ಷ ದಾಟಿದ 3,069 ಮಂದಿಯ ಮೇಲೆ ಪರೀಕ್ಷಿಸಲಾಯಿತು. ಅರ್ಧದಷ್ಟು ಮಂದಿಗೆ ದಿನಕ್ಕೆ 240 ಮಿಲಿಗ್ರಾಂ ಸಾರ, ಉಳಿದವರಿಗೆ ಅದರಂತೆಯೇ ಕಾಣುವ ಬರಿಯ ಮಾತ್ರೆ. ಸುಮಾರು ಆರು ವರ್ಷಗಳ ನಂತರ, 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲೆಯ ಸಾರದಿಂದ ಮರೆಗುಳಿ ರೋಗವು ತಗ್ಗಿದುದು ಕಂಡುಬರಲಿಲ್ಲ. ಎರಡೂ ಸಸ್ಯಗಳೇ. ಒಂದು ಪರೀಕ್ಷೆಯಲ್ಲಿ ನಿಂತಿತು, ಇನ್ನೊಂದು ನಿಲ್ಲಲಿಲ್ಲ. ನಂಬಿಕೆಯ ಬಲವು ಇವೆರಡರ ಅಂತರವನ್ನು ತಿಳಿಸಲಾರದು.

ಒಂದೆಲಗದ ತಂಬುಳಿ ಉಂಡವರಿಗೆ ಕೇಡಾಗುವುದು ವಿರಳ. ಕೇಡಿರುವುದು ಅದನ್ನು ನಂಬಿ ಕಳೆದುಹೋಗುವ ಕಾಲದಲ್ಲಿ. ಮರೆವಿನಂತೆ ತೋರುವ ಎಷ್ಟೋ ತೊಂದರೆಗಳಿಗೆ ಚಿಕಿತ್ಸೆಯಿದೆ: ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಖಿನ್ನತೆ, ಜಾರಿಬಿದ್ದು ತಲೆಯೊಳಗೆ ನಿಧಾನವಾಗಿ ಸಂಗ್ರಹವಾದ ರಕ್ತ, ವಿಟಮಿನ್ ಬಿ12ರ ಕೊರತೆ. ಕೊನೆಯದು ಶಾಖಾಹಾರಿ ಮನೆತನಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಬಿ12 ಯಾವ ಸೊಪ್ಪಿನಿಂದಲೂ ನೆಚ್ಚುವಷ್ಟು ದೊರೆಯುವುದಿಲ್ಲ. ಶಾಖಾಹಾರಿಗಳಿಗೆ ಅದು ಮುಖ್ಯವಾಗಿ ಹಾಲು ಮೊಸರುಗಳಿಂದ ಬರಬೇಕು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕುಂದುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ಸೇವಿಸುವವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ತಿಳಿದು, ಕೆಲವು ಚುಚ್ಚುಮದ್ದುಗಳಿಂದ ನೀಗಬಹುದಾದ ಕೊರತೆಗೆ ವರ್ಷಗಟ್ಟಲೆ ಎಲೆಯ ರಸ ಕುಡಿಸುತ್ತ ಕುಳಿತರೆ, ನರಗಳಿಗಾದ ಹಾನಿಯು ಮತ್ತೆ ಸರಿಪಡದೆ ಉಳಿಯಬಹುದು.

ಮೆದುಳಿನ ರೋಗಗಳನ್ನು ವಾಸಿಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯು ನಿಷೇಧಿಸಿದೆ. ಆದರೂ "ಹದಿನೈದೇ ದಿನಗಳಲ್ಲಿ ನೆನಪು ವಾಪಸ್" ಎಂಬ ಧಾಟಿಯ ಪ್ರಚಾರಕ್ಕೆ ಕೊನೆಯಿಲ್ಲ. ಹೆತ್ತವರು ತಮ್ಮ ಮುಖವನ್ನೇ ಗುರುತಿಸದಾದಾಗ ಮಕ್ಕಳಿಗಾಗುವ ಸಂಕಟವು ಇಂತಹ ವ್ಯಾಪಾರಕ್ಕೆ ಬಂಡವಾಳವಾಗುವುದು ವಿಷಾದಕರ.

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯವನ್ನೇ ಕಾಯಕವಾಗಿ ಮಾಡಿಕೊಂಡಿದ್ದ ವೈದ್ಯ ಸಂಗಣ್ಣನಿದ್ದನು. ಕಾಯಕವೆಂದ ಮೇಲೆ ಅದಕ್ಕೆ ಅರಿವು ಬೇಕು, ಸತ್ಯವೂ ಬೇಕು. ರೋಗವೇನೆಂದು ಅರಿಯದೆ ಮದ್ದು ಹೇಳುವವರಲ್ಲಿ ಎರಡೂ ಇರುವುದಿಲ್ಲ.

ಆದುದರಿಂದ ಹಿರಿಯರ ಮರೆವು ಮಿತಿಮೀರಿದಾಗ ಮೊದಲ ಹೆಜ್ಜೆ ವೈದ್ಯರ ಕಡೆಗಿರಲಿ. ಮನೆಯಲ್ಲಿ ಯಾವುದೇ ಮೂಲಿಕೆ ಕೊಡುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಗಿಂಕ್ಗೊದಂತಹವು ರಕ್ತ ತೆಳುವಾಗಿಸುವ ಮಾತ್ರೆಗಳೊಡನೆ ಸೇರಿದರೆ ರಕ್ತಸ್ರಾವಕ್ಕೆ ಎಡೆಯಾಗಬಹುದು. ರಕ್ತದೊತ್ತಡ, ಸಕ್ಕರೆ, ಕಿವುಡುತನಗಳಿಗೆ ಸಕಾಲದ ಚಿಕಿತ್ಸೆಯೂ ಈ ರೋಗದ ಅಪಾಯವನ್ನು ತಗ್ಗಿಸುತ್ತದೆ. ಇನ್ನು ಒಂದೆಲಗ, ಅದು ಊಟದ ಎಲೆಯ ಮೇಲೆ ತಂಬುಳಿಯಾಗಿ ಇರಲಿ. ರೋಗವು ವಾಸಿಯಾಗದೆಂದು ತಿಳಿದ ಮೇಲೂ ಪಕ್ಕದಲ್ಲಿ ಕುಳಿತು, ಕೇಳಿದ್ದನ್ನೇ ನೂರು ಸಲ ಕೇಳುವ ಹಿರಿಯರಿಗೆ ನೂರು ಸಲವೂ ಸಹನೆಯಿಂದ ಉತ್ತರಿಸುವ ಸೇವೆಯೊಂದು ಉಳಿದಿರುತ್ತದೆ. ಆ ಸೇವೆಗೆ ಬದಲಿಯಾದ ಮೂಲಿಕೆ ಯಾವ ಕಾಡಿನಲ್ಲಿಯೂ ಬೆಳೆಯುವುದಿಲ್ಲ.