ತಾಯಂದಿರ ಮೇಲಿನ ಆರೋಪ ಹಿಂದಕ್ಕೆ ಪಡೆಯಿರಿ

ಆಟಿಸಂ ಇರುವ ಮಗುವಿನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ‘ಮಗು ಹೀಗಾಗಲು ನಿಮ್ಮ ಮನಸ್ಸೇ ಕಾರಣ’ ಎನ್ನುವುದು ಚಿಕಿತ್ಸೆಯಲ್ಲ, ಕ್ರೌರ್ಯ. ಫ್ರಾನ್ಸಿನಲ್ಲಿ ಮನೋವಿಶ್ಲೇಷಣೆಯ ಹೆಸರಲ್ಲಿ ದಶಕಗಳ ಕಾಲ ಈ ಕ್ರೌರ್ಯ ನಡೆಯಿತು. 2012ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಪ್ರಾಧಿಕಾರವು, ಆಟಿಸಂಗೆ ಮನೋವಿಶ್ಲೇಷಣೆಯಿಂದ ಪ್ರಯೋಜನವಿದೆ ಎನ್ನಲು ಆಧಾರ ಸಾಲದೆಂದು, ಅದನ್ನು ಶಿಫಾರಸುಗಳಿಂದ ಹೊರಗಿಟ್ಟಿತು. ಅನೇಕ ಮನೋವಿಶ್ಲೇಷಕರು ಸಿಡಿದೆದ್ದರು. ಪ್ರಾಧಿಕಾರ ಮಾಡಿದ್ದು ಸರಿ. ತಪ್ಪೇನಾದರೂ ಇದ್ದರೆ, ತಡಮಾಡಿದ್ದು.

ಎಷ್ಟು ತಡ ನೋಡಿ. 1943ರಲ್ಲಿ ಆಟಿಸಂ ಅನ್ನು ವಿವರಿಸಿದ ಲಿಯೋ ಕ್ಯಾನರ್ ಕೂಡ ಮೊದಮೊದಲು ಹೆತ್ತವರ ಮಮತೆಯ ಕೊರತೆಯ ಬಗ್ಗೆ ಬರೆದಿದ್ದರು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಆ ಅನುಮಾನವನ್ನೇ ಒಂದು ಜನಪ್ರಿಯ ಪುಸ್ತಕವಾಗಿ ಬೆಳೆಸಿದರು. ಆದರೆ ಕ್ಯಾನರ್ 1969ರಲ್ಲಿ ಪೋಷಕರ ಸಭೆಯಲ್ಲೇ ನಿಂತು, ನೀವು ನಿರ್ದೋಷಿಗಳು ಎಂದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳನ್ನು ಅಭ್ಯಸಿಸಿ, ಇದರ ಬೇರು ವಂಶವಾಹಿಯಲ್ಲಿದೆ ಎನ್ನಲು ಬಲವಾದ ಸಾಕ್ಷ್ಯ ಕೊಟ್ಟರು. ಇಷ್ಟಾದ ಮೇಲೂ 2011ರಲ್ಲಿ ಸೋಫಿ ರೊಬೆರ್ ಅವರ ‘ಲ ಮ್ಯೂರ್’ ಸಾಕ್ಷ್ಯಚಿತ್ರದ ಕ್ಯಾಮೆರಾದೆದುರು ಫ್ರೆಂಚ್ ವಿಶ್ಲೇಷಕರು ತಾಯಂದಿರತ್ತಲೇ ಬೆರಳು ತೋರಿಸುತ್ತಿದ್ದರು! ಅವರಲ್ಲಿ ಮೂವರು ಚಿತ್ರದ ವಿರುದ್ಧ ಕೋರ್ಟಿಗೆ ಹೋದರು. 2012ರಲ್ಲಿ ಲಿಲ್ ನಗರದ ನ್ಯಾಯಾಲಯ ಅವರ ಸಂದರ್ಶನಗಳನ್ನು ತೆಗೆಯಲು ಹೇಳಿತು. ಆ ಆದೇಶ 2014ರಲ್ಲಿ ಮೇಲ್ಮನವಿಯಲ್ಲಿ ಬಿದ್ದುಹೋಯಿತು.

ತಣ್ಣನೆಯ ಒದ್ದೆ ಬಟ್ಟೆಯಲ್ಲಿ ಮಗುವನ್ನು ಬಿಗಿಯಾಗಿ ಸುತ್ತುವ ‘ಪ್ಯಾಕಿಂಗ್’ ಎಂಬ ಪದ್ಧತಿಯೂ ಅಲ್ಲಿತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2016ರಲ್ಲಿ ಇದನ್ನು ದುರ್ವರ್ತನೆ ಎಂದೇ ಕರೆಯಿತು.

ವಿಶ್ಲೇಷಕರ ಒಂದು ವಾದವನ್ನು ಮಾತ್ರ ತಳ್ಳಿಹಾಕಲಾರೆ. ವರ್ತನೆ ತಿದ್ದುವ ಚಿಕಿತ್ಸೆಗಳು ಮಗುವನ್ನು ಪಳಗಿಸಲು ಹೊರಡುತ್ತವೆ, ಅದರ ಒಳಗನ್ನು ಕೇಳುವುದಿಲ್ಲ ಎನ್ನುತ್ತಾರೆ. ಆಟಿಸಂ ಇರುವ ಅನೇಕ ವಯಸ್ಕರ ದೂರೂ ಇದೇ, ಅದರಲ್ಲಿ ಸತ್ಯವಿದೆ. ಆದರೆ ಕೇಳಿಸಿಕೊಳ್ಳುವುದೇ ತಮ್ಮ ಕಸುಬು ಎನ್ನುವವರು ಆ ತಾಯಂದಿರ ಮಾತನ್ನು ಕೇಳಿಸಿಕೊಂಡರೇ? ತಾಯಂದಿರು ಬಾಯಿಬಿಟ್ಟು ಪ್ರತಿಭಟಿಸಿದ್ದನ್ನೂ ರೋಗಲಕ್ಷಣವೆಂದು ಓದಿದರೆ, ಅವರಿಗೆ ಉತ್ತರಿಸುವ ದಾರಿಯಾದರೂ ಎಲ್ಲಿ ಉಳಿಯಿತು?

ವಯಸ್ಕರೊಬ್ಬರು ತಮ್ಮ ದುಃಖವನ್ನೋ ಹಳೆಯ ಭಯವನ್ನೋ ಬಿಡಿಸಿಕೊಳ್ಳಲು ತಾವಾಗಿಯೇ ವಿಶ್ಲೇಷಕರ ಬಳಿ ಹೋದರೆ ಯಾರ ತಕರಾರೂ ಇಲ್ಲ. ಮಾತಿನ ಚಿಕಿತ್ಸೆಗೆ ಅಲ್ಲಿ ನಿಜವಾದ ಬೆಲೆಯಿದೆ. ಮಾತೇ ಹೊರಡದ ಮೂರು ವರ್ಷದ ಮಗುವಿನ ಮೇಲೆ, ಅದು ಒಪ್ಪದೆಯೇ, ಸರ್ಕಾರದ ಹಣದಲ್ಲಿ ಈ ಸಿದ್ಧಾಂತವನ್ನು ಹೇರುವುದು ಬೇರೆಯೇ ಮಾತು. ಆ ಹಣ ಶಾಲೆಯಲ್ಲಿ ಮಗುವಿನ ಪಕ್ಕ ಕೂರುವ ಸಹಾಯಕರಿಗೆ ಹೋಗಲಿ. ಕ್ಯಾನರ್ 1969ರಲ್ಲಿ ಹೇಳಿದ ಮಾತನ್ನು ಫ್ರಾನ್ಸಿನ ವಿಶ್ಲೇಷಕರ ಸಂಘಗಳೂ ಆ ತಾಯಂದಿರ ಎದುರೇ ಹೇಳಲಿ. ಆ ತಾಯಂದಿರಲ್ಲಿ ಹಲವರಿಗೆ ಈಗ ವಯಸ್ಸಾಗಿದೆ.