ಕಾಂತಕ್ಷೇತ್ರಕ್ಕೆ ಸ್ಪಂದಿಸುವ ವಸ್ತು: ಸಂಶೋಧನೆ ನೆರೆಯಲ್ಲಿ, ಬಳಕೆ ದೂರದಲ್ಲಿ

ಚಿಕ್ಕೋಡಿ: ವಿರಳ ಭೂಲೋಹಗಳಿಂದ ಶಾಶ್ವತ ಕಾಂತಗಳನ್ನು ದೇಶದಲ್ಲೇ ತಯಾರಿಸುವ 7,280 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ 2025ರ ನವೆಂಬರ್ 26ರಂದು ಒಪ್ಪಿಗೆ ನೀಡಿದೆ. ಈ ಕುರಿತ ಚರ್ಚೆಯೆಲ್ಲ ವಿದ್ಯುತ್ ವಾಹನಗಳ ಸುತ್ತಲೇ ನಡೆದಿದೆ. ಆದರೆ ಕಾಂತಕ್ಷೇತ್ರವನ್ನು ಅಳೆಯುವ ಸೆನ್ಸರ್‌ಗಳ ವಿಷಯದಲ್ಲೂ ಇದೇ ಪರಾವಲಂಬನೆಯ ಪ್ರಶ್ನೆಯಿದೆ. ಅದಕ್ಕೆ ಉತ್ತರವಾಗಬಲ್ಲ ವಸ್ತುಗಳ ಸಂಶೋಧನೆ ನಿಪ್ಪಾಣಿಯಿಂದ ಸುಮಾರು 40 ಕಿ.ಮೀ. ದೂರದ ಕೊಲ್ಹಾಪುರದಲ್ಲೇ ನಡೆದಿದೆ ಎಂಬುದು ಗಮನಾರ್ಹ.

ಏನಿದು ‘ಸ್ಮಾರ್ಟ್’ ವಸ್ತು?

ಹೊರಗಿನ ಒತ್ತಡ, ಉಷ್ಣ ಅಥವಾ ಕಾಂತಕ್ಷೇತ್ರಕ್ಕೆ ನಿಶ್ಚಿತ ರೀತಿಯಲ್ಲಿ ಸ್ಪಂದಿಸಿ ತನ್ನ ಗುಣವನ್ನು ಬದಲಿಸಿಕೊಳ್ಳುವ ವಸ್ತುವಿಗೆ ಈ ಹೆಸರು. ಕಾಂತಕ್ಷೇತ್ರದಲ್ಲಿ ಕಬ್ಬಿಣದ ವಿದ್ಯುತ್ ರೋಧ ಬದಲಾಗುವುದನ್ನು ವಿಲಿಯಂ ಥಾಮ್ಸನ್ 19ನೇ ಶತಮಾನದಲ್ಲೇ ಗುರುತಿಸಿದ್ದರು. ತೆಳುವಾದ ಲೋಹದ ಪದರಗಳಲ್ಲಿ ಈ ಬದಲಾವಣೆ ಬಹಳ ದೊಡ್ಡದಾಗಿರುತ್ತದೆ ಎಂಬ 1988ರ ಶೋಧಕ್ಕೆ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್‌ಗಳ ಸಾಮರ್ಥ್ಯ ಏರಿದ್ದು ಇದರಿಂದಲೇ. ಮ್ಯಾಂಗನೀಸ್ ಆಕ್ಸೈಡ್‌ಗಳಲ್ಲಿ ಕಂಡುಬರುವ ಇದೇ ಬಗೆಯ ಗುಣವನ್ನು ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಹಸಂಶೋಧಕರು ಆಳವಾಗಿ ಅಧ್ಯಯನ ಮಾಡಿದ್ದಾರೆ.

ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಬಿ.ಕೆ. ಚೌಗುಲೆ ಅವರ ತಂಡ 2000ದ ದಶಕದಲ್ಲಿ ಕೈಗೆತ್ತಿಕೊಂಡಿದ್ದು ಇನ್ನೊಂದು ಮಾರ್ಗ. ಫೆರೈಟ್ ಎಂಬ ಕಬ್ಬಿಣದ ಆಕ್ಸೈಡನ್ನು ಬೇರಿಯಂ ಟೈಟನೇಟ್ ಮಾದರಿಯ ಪಿಂಗಾಣಿಯೊಂದಿಗೆ ಬೆರೆಸಿ, ಅಧಿಕ ಉಷ್ಣದಲ್ಲಿ ಸುಟ್ಟು ಬಿಲ್ಲೆಗಳನ್ನು ಮಾಡುವುದು. ಕಾಂತಕ್ಷೇತ್ರದಲ್ಲಿ ಫೆರೈಟ್ ಅತ್ಯಲ್ಪ ಪ್ರಮಾಣದಲ್ಲಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಆ ಎಳೆತ ಪಕ್ಕದ ಪಿಂಗಾಣಿಗೆ ತಲುಪಿ ಅಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ತಿರುಗಿದರೆ ಇನ್ನೊಂದೂ ತಿರುಗಬೇಕಾಗುವ ರೀತಿ ಇದು. ಎರಡರಲ್ಲಿ ಯಾವುದಕ್ಕೂ ಬಿಡಿಯಾಗಿ ಇಲ್ಲದ ಈ ಗುಣವನ್ನು ಕಾಂತವಿದ್ಯುತ್ ಪರಿಣಾಮ ಎನ್ನಲಾಗುತ್ತದೆ.

ತೊಡಕು ಎಲ್ಲಿ?

ಫೆರೈಟ್ ಹೆಚ್ಚಿದಷ್ಟೂ ಎಳೆತ ಹೆಚ್ಚು. ಆದರೆ ಫೆರೈಟ್‌ನ ವಿದ್ಯುತ್ ರೋಧ ಪಿಂಗಾಣಿಯದಕ್ಕಿಂತ ಕಡಿಮೆ. ಅದರ ಕಣಗಳು ಒಂದಕ್ಕೊಂದು ತಾಗಿ ಸರಪಳಿಯಾದರೆ ಹುಟ್ಟಿದ ವಿದ್ಯುದಂಶ ಅಲ್ಲಿಂದಲೇ ಸೋರಿಹೋಗುತ್ತದೆ. ಆದ್ದರಿಂದ ಇಂತಹ ಬಿಲ್ಲೆಗಳು ಕೊಡುವ ವೋಲ್ಟೇಜ್ ಸಾಮಾನ್ಯವಾಗಿ ಮಿಲಿವೋಲ್ಟ್‌ಗಳಲ್ಲಿ ಅಳೆಯುವಷ್ಟು ಕಿರಿದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪದರಗಳನ್ನು ಅಂಟಿಸಿ ತಯಾರಿಸಿದ ವಸ್ತು ಪ್ರತಿ ಸೆಂಟಿಮೀಟರ್‌ಗೆ, ಪ್ರತಿ ಓರ್‌ಸ್ಟೆಡ್ ಕಾಂತಕ್ಷೇತ್ರಕ್ಕೆ 4.68 ವೋಲ್ಟ್ ನೀಡಿತ್ತು. ಅಂತರ ಸಾವಿರಾರು ಪಟ್ಟು.

ಆದರೆ ಆ ಪದರದಲ್ಲಿದ್ದುದು ಟೆರ್ಫೆನಾಲ್ ಎಂಬ ಮಿಶ್ರಲೋಹ. ಅದರ ಮುಖ್ಯ ಘಟಕಗಳಾದ ಟರ್ಬಿಯಂ ಮತ್ತು ಡಿಸ್ಪ್ರೋಸಿಯಂಗಳು, 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ಪರವಾನಗಿ ಕಡ್ಡಾಯಗೊಳಿಸಿದ ಏಳು ವಿರಳ ಭೂಲೋಹಗಳ ಪಟ್ಟಿಯಲ್ಲಿವೆ. ಕೊಲ್ಹಾಪುರದ ಬಗೆಯ ಫೆರೈಟ್‌ಗೆ ಬೇಕಾದುದು ಕಬ್ಬಿಣ, ನಿಕ್ಕಲ್, ತಾಮ್ರದಂತಹ ಸಾಮಾನ್ಯ ಲೋಹಗಳು. ಫೆರೈಟ್ ಬಿಲ್ಲೆ ಮೋಟಾರಿನ ಶಕ್ತಿಶಾಲಿ ಕಾಂತಕ್ಕೆ ಬದಲಿಯಾಗದು, ನಿಜ. ಆದರೆ ಅಳತೆಯ ಕೆಲಸದಲ್ಲಿ ಅದರ ದೌರ್ಬಲ್ಯವನ್ನು ನೀಗಿಸುವ ಪ್ರಯತ್ನಕ್ಕೆ ಈಗ ಆರ್ಥಿಕ ಅರ್ಥವೂ ಬಂದಿದೆ.

ಐದು ತಾಲ್ಲೂಕುಗಳಿಗೇನು ಸಂಬಂಧ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ರಾಜ್ಯದ ಪ್ರಮುಖ ಕಬ್ಬಿನ ಪ್ರದೇಶ. ಉಗಾರ ಖುರ್ದದಿಂದ ಚಿಕ್ಕೋಡಿಯವರೆಗೆ ಸಕ್ಕರೆ ಕಾರ್ಖಾನೆಗಳಿವೆ. ಸಕ್ಕರೆಯ ಜೊತೆಗೆ ವಿದ್ಯುತ್ತನ್ನೂ ಉತ್ಪಾದಿಸುವ ಕಾರ್ಖಾನೆಗಳಲ್ಲಿ ಟರ್ಬೈನ್‌ನ ವೇಗ ಹಾಗೂ ಜನರೇಟರ್‌ನ ವಿದ್ಯುತ್ ಪ್ರವಾಹ ತಿಳಿಯಲು ಕಾಂತೀಯ ಸೆನ್ಸರ್‌ಗಳು ಬೇಕು. ಮನೆಯ ವಿದ್ಯುತ್ ಮೀಟರ್‌ಗೆ ಯಾರಾದರೂ ಬಲವಾದ ಕಾಂತ ಹಿಡಿದರೆ ಅದನ್ನು ದಾಖಲಿಸುವುದೂ ಇಂತಹದೇ ಸೆನ್ಸರ್. ಬಳಕೆದಾರರು ಇಲ್ಲೇ ಇದ್ದಾರೆ. ವಸ್ತುವಿನ ಜ್ಞಾನ ಕೂಗಳತೆಯಲ್ಲಿದೆ. ನಡುವಿನ ಕೊಂಡಿ ಮಾತ್ರ ಇಲ್ಲ.

ಪ್ರಬಂಧ ಪ್ರಕಟವಾಗಿ ಪಿಎಚ್.ಡಿ. ದೊರೆತ ಬಳಿಕ ಬಿಲ್ಲೆ ಪ್ರಯೋಗಾಲಯದ ಕಪಾಟು ಸೇರುವುದು ನಮ್ಮ ವಿಶ್ವವಿದ್ಯಾಲಯಗಳ ಹಳೆಯ ರೋಗ. ಸೆನ್ಸರ್ ಆಗಲು ವಸ್ತುವೊಂದು ಧೂಳು, ಆವಿ, ಕಂಪನಗಳ ನಡುವೆ ಹಲವು ಹಂಗಾಮು ಒಂದೇ ರೀತಿ ಕೆಲಸ ಮಾಡಬೇಕು. ಅಂತಹ ಪರೀಕ್ಷೆಗೆ ಕಬ್ಬು ಅರೆಯುವ ಕಾರ್ಖಾನೆಗಿಂತ ಸೂಕ್ತ ಸ್ಥಳ ಮತ್ತೊಂದಿಲ್ಲ. ಚಿಕ್ಕೋಡಿಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ತೆಳು ಪದರಗಳ ತಯಾರಿಕೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರವಿದ್ದು, ಹೊರಗಿನ ಸಂಶೋಧಕರಿಗೆ ಅದರ ಬಾಗಿಲು ತೆರೆಯುವ ಯೋಜನೆ 2008ರಲ್ಲೇ ಆರಂಭವಾಗಿದೆ.

ಈ ಭಾಗದ ವಿದ್ಯಾರ್ಥಿಗಳು ಉನ್ನತ ಶಿಕ್ಷಣಕ್ಕೆ ಕೊಲ್ಹಾಪುರ, ಧಾರವಾಡಗಳತ್ತ ಮುಖ ಮಾಡುವುದು ಹೊಸದಲ್ಲ. ಅವರು ಕಲಿತದ್ದನ್ನು ತಮ್ಮ ತಾಲ್ಲೂಕಿನಲ್ಲೇ ಬಳಸುವಂತಾಗಬೇಕಾದರೆ, ಕಾರ್ಖಾನೆಗಳ ಆಡಳಿತ ಮಂಡಳಿಗಳು ಒಂದು ಹಂಗಾಮಿಗೆ ಒಂದು ಯಂತ್ರವನ್ನಾದರೂ ಪರೀಕ್ಷೆಗೆ ಬಿಟ್ಟುಕೊಡಬೇಕು. ಕಾಂತ ತಯಾರಿಕೆಗೆ ಸಾವಿರಾರು ಕೋಟಿ ತೆಗೆದಿಟ್ಟ ಸರ್ಕಾರ ಇಂತಹ ಸಣ್ಣ ಪ್ರಯೋಗಗಳಿಗೂ ಕೈ ಜೋಡಿಸದಿದ್ದರೆ, ಕಾಂತದಲ್ಲಿ ನೀಗಿದ ಪರಾವಲಂಬನೆ ಸೆನ್ಸರ್‌ನಲ್ಲಿ ಉಳಿದುಕೊಳ್ಳಲಿದೆ.